ಜೇನ್ ಜೇಕಬ್ಸ್: ಬಾಳೂ ಬರಹವೂ

೧

ಗ್ರಂಥವನ್ನು ಗ್ರಂಥವಾಗಿಯೇ ನೋಡಬೇಕು, ಬರೆದವರ ಬಾಳನ್ನು ಅದರೊಳಕ್ಕೆ ಎಳೆದುತರಬಾರದು ಎಂಬುದೊಂದು ಮತವುಂಟು. ಕಾವ್ಯನಾಟಕಗಳ ವಿಷಯದಲ್ಲಿ ಈ ಮತಕ್ಕೆ ಬಲವಾದ ಆಧಾರವೂ ಇದೆ. ಆದರೆ ಬಾಳಿನ ನಡುವಿನಿಂದಲೇ ಮೂಡಿ, ಮರಳಿ ಬಾಳಿನೊಳಕ್ಕೇ ಇಳಿದು ಕೆಲಸಮಾಡಿದ ಗ್ರಂಥಗಳು ಕೆಲವಿವೆ. ಅಂತಹವುಗಳನ್ನು ಬರೆದವರ ಬದುಕಿನಿಂದ ಬೇರ್ಪಡಿಸಿ ನೋಡಿದರೆ, ಕಿತ್ತುತಂದ ಗಿಡವನ್ನು ಮೇಜಿನ ಮೇಲಿಟ್ಟು ನೋಡಿದಂತಾಗುವುದು. ಜೇನ್ ಜೇಕಬ್ಸ್ ಎಂಬ ಅಮೆರಿಕದ ಪತ್ರಕರ್ತೆ ೧೯೬೧ರಲ್ಲಿ ಪ್ರಕಟಿಸಿದ ‘ದಿ ಡೆತ್ ಅಂಡ್ ಲೈಫ್ ಆಫ್ ಗ್ರೇಟ್ ಅಮೆರಿಕನ್ ಸಿಟೀಸ್’ ಎಂಬುದು ಅಂತಹ ಗ್ರಂಥ. ‘ಅಮೆರಿಕದ ಮಹಾನಗರಗಳ ಸಾವು ಮತ್ತು ಬಾಳು’ ಎಂದು ಇದನ್ನು ಕನ್ನಡಿಸಬಹುದು. ಲೋಕರೂಢಿಯಂತೆ ಬಾಳನ್ನು ಮೊದಲು ಹೇಳಿ ಸಾವನ್ನು ಕಡೆಗೆ ಹೇಳದೆ, ಸಾವನ್ನು ಮುಂದಿಟ್ಟು ಬಾಳನ್ನು ಹಿಂದಿಟ್ಟಿರುವುದನ್ನು ವಾಚಕರು ಗಮನಿಸಬೇಕು. ಸಾಯುತ್ತಿರುವುದನ್ನು ಬದುಕಿಸಬಹುದೆಂಬ ನಂಬಿಕೆಯೇ ಈ ಹೆಸರಿನಲ್ಲಿ ಅಡಗಿದೆ.

ಹಳೆಯದನ್ನು ಉಳಿಸಬೇಕೆನ್ನುವವರನ್ನು ಜನರು ಸಾಮಾನ್ಯವಾಗಿ ಎರಡು ಬಗೆಯಾಗಿ ಎಣಿಸುವರು: ಕಳೆದ ಕಾಲಕ್ಕಾಗಿ ಹಂಬಲಿಸುವ ಭಾವುಕರೆಂದು, ಇಲ್ಲವೆ ಬರುವ ಕಾಲಕ್ಕೆ ಅಡ್ಡಬರುವ ಹಟಮಾರಿಗಳೆಂದು. ಜೇಕಬ್ಸ್ ಈ ಎರಡು ಪಂಗಡಕ್ಕೂ ಸೇರಿದವಳಲ್ಲ. ಆಕೆ ಮೊದಲಿನಿಂದ ಕಡೆಯವರೆಗೆ ವರದಿಗಾರ್ತಿ. ಕಂಡುದನ್ನು ಕಂಡಂತೆ ಬರೆದಳು, ಬರೆದುದಕ್ಕಾಗಿ ಬೀದಿಗಿಳಿದಳು. ಆಕೆಯ ಗ್ರಂಥದ ಗುಣವೆಲ್ಲವೂ ಆ ವರದಿಗಾರ್ತಿಯ ಕಣ್ಣಿನಿಂದ ಬಂದುದು. ದೋಷಗಳೂ ಬಹುಮಟ್ಟಿಗೆ ಅದೇ ಕಣ್ಣಿನವು. ಈ ಮಾತನ್ನು ಆದಷ್ಟು ಸ್ಪಷ್ಟಪಡಿಸುವುದೇ ಈ ಲೇಖನದ ಉದ್ದೇಶ.

೨

ಜೇನ್ ಹುಟ್ಟಿದುದು ೧೯೧೬ನೆಯ ಇಸವಿ ಮೇ ೪ರಂದು, ಪೆನ್ಸಿಲ್ವೇನಿಯ ಸಂಸ್ಥಾನದ ಕಲ್ಲಿದ್ದಲ ಗಣಿಗಳ ಊರಾದ ಸ್ಕ್ರಾಂಟನ್ನಿನಲ್ಲಿ. ತವರಿನ ಹೆಸರು ಬಟ್ಜ್‌ನರ್. ತಂದೆ ವೈದ್ಯ, ತಾಯಿ ಮದುವೆಗೆ ಮೊದಲು ಉಪಾಧ್ಯಾಯಿನಿಯಾಗಿಯೂ ದಾದಿಯಾಗಿಯೂ ಕೆಲಸಮಾಡಿದವಳು. ಪ್ರೌಢಶಾಲೆ ಮುಗಿದ ಮೇಲೆ ಜೇನ್ ಮುಂದಿನ ಓದಿಗೆ ಹೋಗಲಿಲ್ಲ. ಶೀಘ್ರಲಿಪಿಯನ್ನು ಕಲಿತಳು, ಊರಿನ ಒಂದು ದಿನಪತ್ರಿಕೆಯಲ್ಲಿ ಮಹಿಳೆಯರ ಪುಟಕ್ಕೆ ಸಂಬಳವಿಲ್ಲದೆ ದುಡಿದಳು. ಇಪ್ಪತ್ತು ತುಂಬುವ ಮೊದಲೇ ಅಕ್ಕನೊಡನೆ ನ್ಯೂಯಾರ್ಕ್ ನಗರಕ್ಕೆ ಬಂದಳು. ಅದು ದೇಶವೆಲ್ಲ ಆರ್ಥಿಕ ಕುಸಿತದಿಂದ ನರಳುತ್ತಿದ್ದ ಕಾಲ. ಬೆಳಗ್ಗೆ ಕೆಲಸ ಹುಡುಕುವುದು, ಮಧ್ಯಾಹ್ನ ತಿಳಿಯದ ಕೇರಿಗಳಲ್ಲಿ ಅಲೆಯುವುದು: ಇದೇ ಆಕೆಯ ದಿನಚರಿಯಾಗಿದ್ದಿತು. ಹಾಗೆ ಅಲೆಯುತ್ತ ಒಂದು ದಿನ, ಹೆಸರು ಇಂಪಾಗಿದೆಯೆಂಬ ಒಂದೇ ಕಾರಣದಿಂದ ಕ್ರಿಸ್ಟಫರ್ ಬೀದಿಯ ನಿಲ್ದಾಣದಲ್ಲಿ ರೈಲಿನಿಂದಿಳಿದು, ಗ್ರಿನಿಚ್ ವಿಲೇಜ್ ಎಂಬ ಪ್ರದೇಶವನ್ನು ಕಂಡಳು. ಮುಂದೆ ಮೂರು ದಶಕಗಳ ಕಾಲ ಅದೇ ಆಕೆಯ ಊರಾಯಿತು.

ಬೆರಳಚ್ಚು, ಶೀಘ್ರಲಿಪಿಗಳ ಕೆಲಸದಲ್ಲಿ ಹೊಟ್ಟೆಹೊರೆಯುತ್ತಲೇ ‘ವೋಗ್’ ಎಂಬ ಪತ್ರಿಕೆಗೆ ಆಕೆ ಲೇಖನಗಳನ್ನು ಮಾರತೊಡಗಿದಳು. ಅದು ಸಿರಿವಂತ ಹೆಂಗಸರ ಉಡುಗೆತೊಡುಗೆಗಳ ಪತ್ರಿಕೆ. ಜೇನ್ ಬರೆದುದಾದರೋ ಆ ಉಡುಗೆತೊಡುಗೆಗಳ ಹಿಂದಿನ ದುಡಿಮೆಯನ್ನು ಕುರಿತು: ತುಪ್ಪಟದ ಚರ್ಮದ ಪೇಟೆ, ತೊಗಲಿನ ಪೇಟೆ, ವಜ್ರದ ಪೇಟೆ, ಹೂವಿನ ಪೇಟೆ. ಒಂದೊಂದು ಕಸುಬು ನಗರದ ಒಂದೊಂದು ಮೂಲೆಯಲ್ಲಿ ಏಕೆ ಬೇರೂರಿತು, ಯಾರು ಯಾರನ್ನು ಆಶ್ರಯಿಸಿ ಬದುಕುತ್ತಾರೆ ಎಂಬುದನ್ನು ಆಕೆ ಆಗಲೇ ಶೋಧಿಸುತ್ತಿದ್ದಳು. ೧೯೪೦ರಲ್ಲಿ ಇನ್ನೊಂದು ಪತ್ರಿಕೆಗೆ ಬರೆದ ಲೇಖನವಂತೂ ಆಕೆಯ ಸ್ವಭಾವಕ್ಕೆ ಒಳ್ಳೆಯ ನಿದರ್ಶನ. ಬೀದಿಯಲ್ಲಿ ನಾವು ದಿನವೂ ತುಳಿದು ನಡೆಯುವ ಕಬ್ಬಿಣದ ಮುಚ್ಚಳಗಳ ಮೇಲಿನ ಅಕ್ಷರಗಳನ್ನು ಓದಿ, ಅವುಗಳ ಅಡಿಯಲ್ಲಿ ಏನೇನು ಹರಿಯುತ್ತಿದೆಯೆಂಬುದನ್ನು ಹೇಗೆ ಅರಿಯಬಹುದೆಂದು ಅದರಲ್ಲಿ ವಿವರಿಸಿದಳು. ಮಿಕ್ಕವರು ತುಳಿದು ಹೋದುದನ್ನು ಈಕೆ ನಿಂತು ಓದಿದಳು.

ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಎರಡು ವರ್ಷ ಭೂಗರ್ಭಶಾಸ್ತ್ರ, ಪ್ರಾಣಿಶಾಸ್ತ್ರ, ಅರ್ಥಶಾಸ್ತ್ರ, ನ್ಯಾಯಶಾಸ್ತ್ರ ಎಂದು ಮನಸ್ಸಿಗೆ ಬಂದುದನ್ನೆಲ್ಲ ಓದಿದಳು. ಪದವಿಯನ್ನು ಮಾತ್ರ ಪಡೆಯಲಿಲ್ಲ. ೧೯೪೧ರಲ್ಲಿ ಆಕೆಯ ಮೊದಲ ಪುಸ್ತಕ ಹೊರಬಂದಿತು. ಅಮೆರಿಕದ ರಾಜ್ಯಾಂಗವನ್ನು ರಚಿಸಿದ ೧೭೮೭ರ ಸಭೆಯಲ್ಲಿ ತಿರಸ್ಕೃತವಾದ ಸಲಹೆಗಳನ್ನು ಅದರಲ್ಲಿ ಸಂಗ್ರಹಿಸಿದ್ದಳು. ರಾಜ್ಯಾಂಗದ ‘ಹೊಟ್ಟು’ ಎಂಬರ್ಥದ ಹೆಸರನ್ನು ಅದಕ್ಕಿಟ್ಟಿದ್ದಳು. ತೂರಿಹೋದ ಹೊಟ್ಟಿನಲ್ಲಿಯೂ ಕಾಳು ಉಳಿದಿದೆಯೇ ಎಂದು ಕೈಯಾಡಿಸಿ ನೋಡುವ ಈ ಅಭ್ಯಾಸ ಆಕೆಯನ್ನು ಕಡೆಯವರೆಗೂ ಬಿಡಲಿಲ್ಲ.

ಯುದ್ಧಕಾಲದಲ್ಲಿ ‘ಐರನ್ ಏಜ್’ ಎಂಬ ಲೋಹೋದ್ಯಮದ ಪತ್ರಿಕೆಯಲ್ಲಿದ್ದಾಗ, ೧೯೪೩ರಲ್ಲಿ, ತನ್ನ ಹುಟ್ಟೂರಿನ ದುಃಸ್ಥಿತಿಯನ್ನು ಬರೆದಳು. ೩೦,೦೦೦ ನಿರುದ್ಯೋಗಿಗಳು, ೭,೦೦೦ ಬರಿದಾದ ಮನೆಗಳು ಎಂಬ ಲೆಕ್ಕವನ್ನು ಲೇಖನದ ತಲೆಬರಹದಲ್ಲಿಯೇ ಕೊಟ್ಟಿದ್ದಳು. ಊರಿಗೆ ಯುದ್ಧಸಾಮಗ್ರಿಯ ಕಾರ್ಖಾನೆಗಳನ್ನು ತರಲು ನಡೆದ ಪ್ರಯತ್ನಕ್ಕೆ ಇದು ಬಲಕೊಟ್ಟಿತು. ಬರಹದಿಂದ ಊರಿನ ಹಣೆಬರಹ ಒಂದಿಷ್ಟಾದರೂ ಬದಲಾಗಬಹುದೆಂಬ ಅನುಭವ ಆಕೆಗೆ ಇಪ್ಪತ್ತೇಳರ ವಯಸ್ಸಿನಲ್ಲಿಯೇ ಆಯಿತು. ಮರುವರ್ಷ ರಾಬರ್ಟ್ ಜೇಕಬ್ಸ್ ಎಂಬ ವಾಸ್ತುಶಿಲ್ಪಿಯನ್ನು ಮದುವೆಯಾದಳು. ೧೯೪೭ರಲ್ಲಿ ದಂಪತಿಗಳು ಗ್ರಿನಿಚ್ ವಿಲೇಜಿನ ಹಡ್ಸನ್ ಬೀದಿಯಲ್ಲಿ ೫೫೫ನೆಯ ಸಂಖ್ಯೆಯ ಹಳೆಯ ಮನೆಯೊಂದನ್ನು ೭,೦೦೦ ಡಾಲರಿಗೆ ಕೊಂಡರು. ಕೆಳಗೆ ಮೊದಲು ಮಿಠಾಯಿ ಅಂಗಡಿಯಿದ್ದ ಮನೆ ಅದು. ಮೂವರು ಮಕ್ಕಳು ಅಲ್ಲಿ ಬೆಳೆದರು. ಆ ಮನೆಯ ಕಿಟಕಿಯೇ ಮುಂದೆ ಈ ಗ್ರಂಥದ ಕಣ್ಣಾಯಿತು.

೩

೧೯೫೨ರಲ್ಲಿ ಜೇಕಬ್ಸ್ ‘ಆರ್ಕಿಟೆಕ್ಚರಲ್ ಫೋರಮ್’ ಎಂಬ ಪತ್ರಿಕೆಯನ್ನು ಸೇರಿದಳು. ಅಮೆರಿಕದ ನಗರಗಳಲ್ಲಿ ಆಗ ‘ನವೀಕರಣ’ದ ಕಾಲ. ೧೯೪೯ರ ವಸತಿ ಶಾಸನದ ನೆರವಿನಿಂದ ಹಳೆಯ ಕೇರಿಗಳನ್ನು ಕೊಳೆಗೇರಿಗಳೆಂದು ಸಾರಿ, ಒಟ್ಟಿಗೆ ಕೆಡವಿ, ಅಲ್ಲಿ ಹುಲ್ಲುಹಾಸಿನ ನಡುವೆ ಎತ್ತರದ ಕಟ್ಟಡಗಳನ್ನು ನಿಲ್ಲಿಸುವುದೇ ಪ್ರಗತಿಯೆಂದು ಎಲ್ಲರೂ ನಂಬಿದ್ದರು. ಆಕೆಯೂ ಮೊದಲು ನಂಬಿದ್ದವಳೇ. ಫಿಲಡೆಲ್ಫಿಯ ನಗರದ ಹೊಸ ನಿರ್ಮಾಣಗಳನ್ನು ವರದಿಮಾಡಲು ಹೋದಾಗ ಆ ನಂಬಿಕೆಗೆ ಮೊದಲ ಪೆಟ್ಟು ಬಿದ್ದಿತು. ಅಲ್ಲಿಯ ನಗರಯೋಜಕನು ಮೊದಲು ಕೆಡವಬೇಕಾದ ಹಳೆಯ ಬೀದಿಯನ್ನು ತೋರಿಸಿದನು. ಅದರ ತುಂಬ ಜನ. ತರುವಾಯ ತಾನು ತಿದ್ದಿದ ಹೊಸ ಬೀದಿಯನ್ನು ತೋರಿಸಿದನು. ಅಲ್ಲಿ ಒಬ್ಬನೇ ಹುಡುಗ ಚಕ್ರವೊಂದನ್ನು ಒದೆಯುತ್ತ ನಿಂತಿದ್ದನು. ಜನರೆಲ್ಲಿ ಎಂಬ ಆಕೆಯ ಪ್ರಶ್ನೆಗೆ ಯೋಜಕನಿಂದ ಸಮಾಧಾನ ದೊರೆಯಲಿಲ್ಲ. ಈ ಪ್ರಸಂಗವನ್ನು ಆಕೆಯೇ ಮುಂದೆ ನೆನೆದಿರುವಳು. ನ್ಯೂಯಾರ್ಕಿನ ಈಸ್ಟ್ ಹಾರ್ಲೆಮ್ ಎಂಬ ಬಡವರ ಕೇರಿಯಲ್ಲಿ ವಿಲಿಯಂ ಕರ್ಕ್ ಎಂಬ ಸಮಾಜಸೇವಕನೊಡನೆ ತಿರುಗಾಡಿದಾಗ ಉಳಿದ ಪಾಠವಾಯಿತು. ೧೯೫೬ರಲ್ಲಿ ಹಾರ್ವರ್ಡಿನಲ್ಲಿ ನಡೆದ ತಜ್ಞರ ಸಮ್ಮೇಳನದಲ್ಲಿ ತನ್ನ ಸಂಪಾದಕನ ಬದಲಿಗೆ ಮಾತಾಡಬೇಕಾಗಿ ಬಂದು, ಆ ಪಾಠವನ್ನು ತಜ್ಞರಿಗೇ ಒಪ್ಪಿಸಿದಳು. ೧೯೫೮ರಲ್ಲಿ ‘ಫಾರ್ಚೂನ್’ ಪತ್ರಿಕೆಯಲ್ಲಿ ಬಂದ ದೀರ್ಘಲೇಖನ, ರಾಕ್‌ಫೆಲರ್ ಪ್ರತಿಷ್ಠಾನದ ಧನಸಹಾಯ, ಕಡೆಗೆ ಈ ಗ್ರಂಥ: ಹೀಗೆ ಒಂದರಿಂದೊಂದು ಬೆಳೆಯಿತು.

ಗ್ರಂಥವು ಮೂವರು ಹಿರಿಯರ ಆದರ್ಶಗಳನ್ನು ಖಂಡಿಸುತ್ತ ಮೊದಲಾಗುವುದು. ಎಬನೀಜರ್ ಹೋವರ್ಡನ ಉದ್ಯಾನನಗರ, ನಮ್ಮ ದೇಶದಲ್ಲಿ ಚಂಡೀಗಢವನ್ನು ಯೋಜಿಸಿದ ಲ ಕಾರ್ಬ್ಯೂಸಿಯೆಯ ಗಗನಚುಂಬಿ ನಗರ, ೧೮೯೩ರ ಷಿಕಾಗೋ ಪ್ರದರ್ಶನದಿಂದ ಹುಟ್ಟಿದ ಭವ್ಯಸೌಧಗಳ ನಗರ. ಇವು ಮೂರೂ ಜನರು ಹೇಗೆ ಬಾಳುತ್ತಿದ್ದಾರೆಂದು ನೋಡದೆ, ಹೇಗೆ ಬಾಳಬೇಕೆಂದು ಮೊದಲೇ ನಿರ್ಧರಿಸಿಕೊಂಡ ಚಿತ್ರಗಳೆಂಬುದೇ ಆಕೆಯ ಆಕ್ಷೇಪಣೆ. ಇವುಗಳಿಗೆ ಬದಲಾಗಿ ಆಕೆ ಕೊಡುವುದು ಬೇರೊಂದು ಚಿತ್ರವಲ್ಲ, ನಾಲ್ಕು ನಿಯಮಗಳು. ಒಂದು ಪ್ರದೇಶದಲ್ಲಿ ಮನೆ, ಅಂಗಡಿ, ಕಚೇರಿ, ಕಾರ್ಖಾನೆಗಳು ಬೆರೆತಿದ್ದು ದಿನದ ಎಲ್ಲ ಹೊತ್ತಿನಲ್ಲಿಯೂ ಜನ ಓಡಾಡುವಂತಿರಬೇಕು, ಅಡ್ಡಬೀದಿಗಳು ಹತ್ತಿರ ಹತ್ತಿರದಲ್ಲಿದ್ದು ತಿರುವುಗಳು ಹೆಚ್ಚಾಗಿರಬೇಕು, ಹೊಸ ಕಟ್ಟಡಗಳ ನಡುವೆ ಹಳೆಯವೂ ಸಾಕಷ್ಟಿರಬೇಕು, ಜನಸಾಂದ್ರತೆ ತಕ್ಕಷ್ಟಿರಬೇಕು. ನಾಲ್ಕರಲ್ಲಿ ಒಂದು ತಪ್ಪಿದರೂ ನಗರದ ಜೀವ ಕುಂದುವುದೆಂದು ಆಕೆಯ ವಾದ.

ಇವುಗಳಲ್ಲಿ ಮೂರನೆಯದನ್ನು ವಿಶೇಷವಾಗಿ ಪರಿಶೀಲಿಸಬೇಕು. ಆಕೆ ಉಳಿಸಬೇಕೆಂದುದು ಅರಮನೆ ಗೋಪುರಗಳನ್ನಲ್ಲ. ಸಾಧಾರಣವಾದ, ಕೊಂಚ ಶಿಥಿಲವೂ ಆದ, ಯಾರ ಕಣ್ಣಿಗೂ ಬೀಳದ ಹಳೆಯ ಮನೆಗಳನ್ನು. ಕಾರಣವೂ ಲೆಕ್ಕಪತ್ರದ್ದೇ. ಹೊಸ ಕಟ್ಟಡದ ತಲೆಯ ಮೇಲೆ ಕಟ್ಟಿದ ಸಾಲವಿರುತ್ತದೆ. ಅದರ ಬಾಡಿಗೆಯನ್ನು ತೆರಬಲ್ಲವರು ಬ್ಯಾಂಕುಗಳು, ದೊಡ್ಡ ಮಳಿಗೆಗಳು ಮೊದಲಾದ ಗಟ್ಟಿಕುಳಗಳು ಮಾತ್ರ. ಇನ್ನೂ ಕುದುರದ ವ್ಯಾಪಾರ, ಚಿಕ್ಕ ಮುದ್ರಣಾಲಯ, ಹಳೆಯ ಪುಸ್ತಕದ ಅಂಗಡಿ, ಹೊಸದಾಗಿ ಬಂದ ವಲಸೆಗಾರನ ಊಟದ ಮನೆ, ಇವು ಚಿಗುರಬೇಕಾದರೆ ಸಾಲ ತೀರಿದ ಹಳೆಯ ಗೋಡೆಗಳ ಆಶ್ರಯ ಬೇಕು. ಹಳೆಯ ಕಟ್ಟಡ ಉಳಿಯಬೇಕಾದುದು ಹೀಗೆ ಮುಂದಣ ಕಾಲದ ಪ್ರಯೋಜನಕ್ಕಾಗಿ. ಸಂರಕ್ಷಣೆಯ ವಾದವನ್ನು ಕಣ್ಣೀರಿನಿಂದ ಬಿಡಿಸಿ ಕಡತಕ್ಕೆ ತಂದುದು ಈ ಗ್ರಂಥದ ಅತ್ಯಂತ ಬೆಲೆಯುಳ್ಳ ಕೊಡುಗೆಯೆಂದು ನಮ್ಮ ಅಭಿಪ್ರಾಯ.

ಇನ್ನು ಶೈಲಿ. ಬೀದಿಯನ್ನು ಕಾಯುವುದು ಪೊಲೀಸಿನವನಿಗಿಂತ ಹೆಚ್ಚಾಗಿ ಅಲ್ಲಿಯ ಅಂಗಡಿಯವರ, ಕಿಟಕಿಯಲ್ಲಿ ನಿಂತವರ, ಹಾದುಹೋಗುವವರ ಕಣ್ಣುಗಳು ಎಂಬುದು ಆಕೆಯ ಪ್ರಸಿದ್ಧ ಸಿದ್ಧಾಂತ. ಇದನ್ನು ಸ್ಥಾಪಿಸಲು ಆಕೆ ತನ್ನ ಕಿಟಕಿಯಿಂದ ಕಂಡ ಒಂದು ಪ್ರಸಂಗವನ್ನು ಹೇಳುವಳು. ಬೀದಿಯಲ್ಲಿ ಒಬ್ಬ ಗಂಡಸು ಎಂಟೊಂಬತ್ತು ವರ್ಷದ ಹುಡುಗಿಯನ್ನು ತನ್ನೊಡನೆ ಬಾರೆಂದು ಒತ್ತಾಯಿಸುತ್ತಿದ್ದಾನೆ. ಹುಡುಗಿ ಗೋಡೆಗಾತು ಸೆಟೆದು ನಿಂತಿದ್ದಾಳೆ. ತಾನೇನು ಮಾಡಲೆಂದು ಈಕೆ ಯೋಚಿಸುವಷ್ಟರಲ್ಲಿ ಮಾಂಸದಂಗಡಿಯಿಂದ ಒಬ್ಬ ಹೆಂಗಸು ಹೊರಬಂದು ಕೈಕಟ್ಟಿ ನಿಲ್ಲುವಳು. ಪಾನಗೃಹದ ಬಾಗಿಲಿಗೆ ಇಬ್ಬರು ಬರುವರು. ಮೇಲಿನ ಮನೆಗಳ ಕಿಟಕಿಗಳಲ್ಲಿ ತಲೆಗಳು ಕಾಣುವುವು. ಬೀಗದವನು, ಹಣ್ಣಿನವನು, ಮಡಿವಾಳದಂಗಡಿಯವನು ಒಬ್ಬೊಬ್ಬರಾಗಿ ಹೊರಗೆ ಬರುವರು. ಆ ಗಂಡಸಿಗೆ ತಿಳಿಯದೆಯೇ ಅವನ ಸುತ್ತ ಬೇಲಿ ಕಟ್ಟಿದಂತಾಗುವುದು. ಕಡೆಗೆ ನೋಡಿದರೆ ಅವರಿಬ್ಬರು ತಂದೆ ಮಗಳು!

ಈ ಕಡೆಯ ಸಂಗತಿಯನ್ನು ಮುಚ್ಚಿಟ್ಟಿದ್ದರೆ ಕಥೆ ಹೆಚ್ಚು ರೋಮಾಂಚಕವಾಗುತ್ತಿತ್ತು. ಮುಚ್ಚಿಡದಿರುವುದರಲ್ಲಿಯೇ ಲೇಖಕಿಯ ಪ್ರಾಮಾಣಿಕತೆಯಿದೆ. ವಾದವೂ ಅದರಿಂದ ಗಟ್ಟಿಯಾಗಿದೆ. ಅಪಾಯವಿದ್ದಿತೋ ಇಲ್ಲವೋ, ಕಾಯುವವರಂತೂ ಇದ್ದರು. ಇಂತಹ ಪುಟಗಳನ್ನು ಓದುವಾಗ ನಮ್ಮ ಹಳೆಯ ಕೇರಿಗಳ ಜಗಲಿಗಳೂ, ಅಲ್ಲಿ ಕುಳಿತು ಬರುವವರನ್ನೂ ಹೋಗುವವರನ್ನೂ ನೋಡುತ್ತಿದ್ದ ಹಿರಿಯರೂ ನೆನಪಿಗೆ ಬಾರದಿರರು.

ಗ್ರಂಥದಲ್ಲಿ ಒಂದು ಚಿತ್ರವೂ ಇಲ್ಲ. ಚಿತ್ರಗಳಿಗಾಗಿ ನಿಮ್ಮ ನಗರವನ್ನೇ ನೋಡಿಕೊಳ್ಳಿರೆಂಬ ಭಾವದ ಸೂಚನೆಯೊಂದು ಮೊದಲಲ್ಲಿದೆ. ಕಡೆಯ ಅಧ್ಯಾಯದಲ್ಲಿ, ವಾರನ್ ವೀವರ್ ಎಂಬ ವಿಜ್ಞಾನಿಯನ್ನು ಅನುಸರಿಸಿ, ನಗರವೆಂಬುದು ಒಂದೆರಡು ಅಂಶಗಳ ಸರಳ ಲೆಕ್ಕವೂ ಅಲ್ಲ, ಸರಾಸರಿಗೆ ಸಿಕ್ಕುವ ಗೊಂದಲವೂ ಅಲ್ಲ, ಜೀವದೇಹದಂತೆ ಅಂಗಾಂಗಗಳು ಹೆಣೆದುಕೊಂಡ ಸಂಕೀರ್ಣ ವ್ಯವಸ್ಥೆಯೆಂದು ಆಕೆ ತೋರಿಸಿರುವಳು. ಬೀದಿಯ ಕಾಲುದಾರಿಯಿಂದ ಹೊರಟ ಗ್ರಂಥ ಇಲ್ಲಿ ತತ್ತ್ವದ ಮಟ್ಟಕ್ಕೇರುವುದು.

೪

ಗ್ರಂಥದಲ್ಲಿ ಹೇಳಿದುದನ್ನು ಆಕೆ ಬಾಳಿನಲ್ಲಿ ನಡೆಸಿದಳೇ? ನಡೆಸಿದಳು. ಆದರೆ ಮೊದಲ ಹೋರಾಟದಲ್ಲಿ ಆಕೆ ನಾಯಕಿಯಲ್ಲ, ಸೈನಿಕೆ. ಈ ಅಂಶವನ್ನು ಆಕೆಯ ಅಭಿಮಾನಿಗಳು ಹಲವು ವೇಳೆ ಮರೆಯುವರು. ನ್ಯೂಯಾರ್ಕಿನ ಉದ್ಯಾನಗಳ, ಹೆದ್ದಾರಿಗಳ, ಸೇತುವೆಗಳ ಸರ್ವಾಧಿಕಾರಿಯಂತಿದ್ದ ರಾಬರ್ಟ್ ಮೋಸೆಸನು ವಾಷಿಂಗ್ಟನ್ ಚೌಕದ ಉದ್ಯಾನದ ನಡುವೆ ವಾಹನಗಳ ರಸ್ತೆಯನ್ನು ಹಾಯಿಸಲು ಹೊರಟಿದ್ದನು. ಇದನ್ನು ೧೯೫೨ರಿಂದಲೇ ಎದುರಿಸಿದವಳು ಶರ್ಲಿ ಹೇಸ್ ಎಂಬ ಗೃಹಿಣಿ. ರಸ್ತೆ ಅಗಲವಾಗಿರಲಿ ಕಿರಿದಾಗಿರಲಿ, ಉದ್ಯಾನದಲ್ಲಿ ರಸ್ತೆಯೇ ಬೇಡವೆಂಬುದು ಹೇಸಳ ಪಟ್ಟು. ಜೇಕಬ್ಸ್ ಆ ಪಟ್ಟನ್ನು ತನ್ನದಾಗಿಸಿಕೊಂಡು, ಪತ್ರಿಕಾರಂಗದ ತನ್ನ ಚಾತುರ್ಯವನ್ನೆಲ್ಲ ಅದಕ್ಕೆ ಧಾರೆಯೆರೆದಳು. ೧೯೫೮ರಲ್ಲಿ ಉದ್ಯಾನದೊಳಗೆ ವಾಹನ ಸಂಚಾರ ನಿಂತಿತು.

ಎರಡನೆಯ ಹೋರಾಟ ಆಕೆಯ ಮನೆಬಾಗಿಲಿಗೇ ಬಂದಿತು. ೧೯೬೧ರ ಆರಂಭದಲ್ಲಿ ಗ್ರಂಥದ ಹಸ್ತಪ್ರತಿಯನ್ನು ಪ್ರಕಾಶಕರಿಗೆ ಒಪ್ಪಿಸಿ ಕೆಲವೇ ವಾರಗಳಾಗಿದ್ದುವು. ಆಕೆ ವಾಸಿಸುತ್ತಿದ್ದ ವೆಸ್ಟ್ ವಿಲೇಜಿನ ೧೪ ಬ್ಲಾಕುಗಳನ್ನು ಕೊಳೆಗೇರಿಯೆಂದು ಗೊತ್ತುಮಾಡಲು ನಗರಾಡಳಿತ ಹೊರಟಿದೆಯೆಂಬ ಸುದ್ದಿ ಪತ್ರಿಕೆಯಲ್ಲಿ ಬಂದಿತು. ನೆರೆಯವರೆಲ್ಲ ಸೇರಿ ಸಮಿತಿಯನ್ನು ಕಟ್ಟಿ, ಮನೆಮನೆಯ ಸ್ಥಿತಿಯನ್ನು ತಾವೇ ಪರೀಕ್ಷಿಸಿ ಬರೆದುಕೊಂಡರು. ಕೆಡವಬೇಕಾದ ಮನೆಗಳ ಕಿಟಕಿಗಳಿಗೆ ಬಿಳಿಯ ಬಣ್ಣದಲ್ಲಿ ಕೊಯ್ದಂತೆ ಗೀಟುಹಾಕುವ ಪದ್ಧತಿಯಿದ್ದಿತಷ್ಟೆ; ಜನರು ಕಪ್ಪು ಕನ್ನಡಕಗಳಿಗೆ ಅದೇ ಗೀಟನ್ನು ಹಚ್ಚಿ ತೊಟ್ಟುಕೊಂಡು ಪ್ರತಿಭಟನೆಗೆ ಬಂದರು. ೧೯೬೨ರಲ್ಲಿ ಆ ಹಣೆಪಟ್ಟಿ ರದ್ದಾಯಿತು. ಬರಿಯ ವಿರೋಧದಲ್ಲಿಯೇ ಅವರು ನಿಲ್ಲಲಿಲ್ಲ. ಇದ್ದ ಒಬ್ಬರನ್ನೂ ಒಕ್ಕಲೆಬ್ಬಿಸದೆ, ಬರಿದಾಗಿದ್ದ ನಿವೇಶನಗಳಲ್ಲಿ ಸಾಧಾರಣ ವರಮಾನದವರಿಗೆ ಐದು ಅಂತಸ್ತಿನ ಮನೆಗಳನ್ನು ಕಟ್ಟುವ ಯೋಜನೆಯನ್ನು ತಾವೇ ಮುಂದಿಟ್ಟರು. ಹತ್ತು ವರ್ಷಗಳ ಎಳೆದಾಟದ ಮೇಲೆ, ಮೂಲದ ಅಂದವನ್ನು ಬಹಳವಾಗಿ ಕಳೆದುಕೊಂಡು, ೪೨೦ ಮನೆಗಳು ೧೯೭೦ರ ದಶಕದಲ್ಲಿ ಎದ್ದುವು.

ಮೂರನೆಯದು ದಕ್ಷಿಣ ಮ್ಯಾನ್‌ಹಟನ್ನನ್ನು ಅಡ್ಡಲಾಗಿ ಸೀಳಬೇಕಾಗಿದ್ದ ಹೆದ್ದಾರಿ. ೧೯೬೨ರಲ್ಲಿ ತಿರಸ್ಕೃತವಾದ ಈ ಯೋಜನೆ ಮತ್ತೆ ಮತ್ತೆ ತಲೆಯೆತ್ತಿತು. ೧೯೬೮ರ ಏಪ್ರಿಲ್ ತಿಂಗಳಲ್ಲಿ ನಡೆದ ಸಾರ್ವಜನಿಕ ವಿಚಾರಣೆಯಲ್ಲಿ ಮಾತಾಡುವವರ ಮುಖ ಅಧಿಕಾರಿಗಳ ಕಡೆಗಲ್ಲದೆ ಸಭಿಕರ ಕಡೆಗೆ ಇರುವಂತೆ ಏರ್ಪಡಿಸಿದ್ದರು. ತಮ್ಮ ಮಾತು ಅಧಿಕಾರಿಗಳಿಗೆ ಬೇಡವೆಂಬುದಕ್ಕೆ ಇದೇ ಸಾಕ್ಷಿಯೆಂದು ಹೇಳಿ ಜೇಕಬ್ಸ್ ವೇದಿಕೆಯನ್ನೇರಿ ನಡೆದಳು, ಜನರೂ ಹಿಂಬಾಲಿಸಿದರು. ಗದ್ದಲದಲ್ಲಿ ವರದಿ ಬರೆಯುವ ಯಂತ್ರದ ಕಾಗದದ ಪಟ್ಟಿ ಚೆಲ್ಲಾಪಿಲ್ಲಿಯಾಯಿತು. ವರದಿಯೇ ಇಲ್ಲದ ಮೇಲೆ ವಿಚಾರಣೆಯೂ ನಡೆದಂತಲ್ಲವೆಂದು ಆಕೆ ಸಾರಿದಳು. ಒಂದು ಕಾಲಕ್ಕೆ ಶೀಘ್ರಲಿಪಿಯಿಂದ ಅನ್ನ ಸಂಪಾದಿಸಿದವಳಿಗೆ ಲಿಖಿತ ವರದಿಯ ಬೆಲೆ ತಿಳಿಯದೆ? ಆಕೆಯನ್ನು ದಸ್ತಗಿರಿ ಮಾಡಿದರು. ಮರುವರ್ಷ ಹೆದ್ದಾರಿಯ ಯೋಜನೆ ಬಿದ್ದುಹೋಯಿತು. ಅಷ್ಟರಲ್ಲಿ ಆಕೆ ನ್ಯೂಯಾರ್ಕನ್ನೇ ತೊರೆದಿದ್ದಳು. ಇಬ್ಬರು ಗಂಡುಮಕ್ಕಳು ವಿಯೆಟ್ನಾಂ ಯುದ್ಧಕ್ಕೆ ಹೋಗಬಾರದೆಂದು ಕುಟುಂಬವು ೧೯೬೮ರಲ್ಲಿ ಕೆನಡದ ಟೊರಾಂಟೋ ನಗರಕ್ಕೆ ಹೋಯಿತು. ಅಲ್ಲಿಯೂ ಸ್ಪಡೈನ ಹೆದ್ದಾರಿ ಕಾದುಕೊಂಡಿದ್ದಿತು. ೧೯೭೧ರಲ್ಲಿ ಅದೂ ನಿಂತಿತು. ೨೦೦೬ರ ಏಪ್ರಿಲ್ ೨೫ರಂದು ಅಲ್ಲಿಯೇ ತೀರಿಕೊಂಡಳು.

ಹೆದ್ದಾರಿ ಬಾರದೆ ಉಳಿದ ಪ್ರದೇಶದಲ್ಲಿ ಎರಕದ ಕಬ್ಬಿಣದ ಮುಮ್ಮುಖವುಳ್ಳ ಹಳೆಯ ಮಳಿಗೆಗಳಿದ್ದುವು. ಅವುಗಳಿಗೆ ೧೯೭೩ರಲ್ಲಿ ಶಾಸನದ ರಕ್ಷಣೆ ದೊರೆಯಲು ದುಡಿದವರಲ್ಲಿ ಮೊದಲಿಗಳು ಮಾರ್ಗಟ್ ಗೇಲ್ ಎಂಬ ಇನ್ನೊಬ್ಬ ಪತ್ರಕರ್ತೆ. ಗ್ರಿನಿಚ್ ವಿಲೇಜಿನ ಹಳೆಯ ಜೆಫರ್ಸನ್ ಮಾರ್ಕೆಟ್ ನ್ಯಾಯಾಲಯದ ನಿಂತುಹೋಗಿದ್ದ ಗಡಿಯಾರವನ್ನು ನಡೆಸಬೇಕೆಂದು ಹೊರಟು, ಕಟ್ಟಡವನ್ನೇ ಉಳಿಸಿ, ೧೯೬೭ರಲ್ಲಿ ಅದು ಪುಸ್ತಕಭಂಡಾರವಾಗುವಂತೆ ಮಾಡಿದವರಲ್ಲಿ ಈಕೆ ಮುಂದಾಳು. ಕಬ್ಬಿಣವೋ ಕಲ್ಲೋ ಎಂದು ಜನರೇ ಪರೀಕ್ಷಿಸಲೆಂದು ಚಿಕ್ಕ ಅಯಸ್ಕಾಂತಗಳನ್ನು ಹಂಚುತ್ತಿದ್ದಳು. ಗೇಲಳ ದೃಷ್ಟಿ ಕಟ್ಟಡದ ಮೇಲೆ, ಜೇಕಬ್ಸಳ ದೃಷ್ಟಿ ಕಟ್ಟಡದ ಮುಂದಿನ ಬೀದಿಯ ಮೇಲೆ. ಒಂದಿಲ್ಲದೆ ಇನ್ನೊಂದು ನಿಲ್ಲದು: ಹೆದ್ದಾರಿಯನ್ನು ತಡೆಯದಿದ್ದರೆ ಕಾಪಾಡಲು ಕಟ್ಟಡಗಳಿರುತ್ತಿರಲಿಲ್ಲ, ಶಾಸನದ ರಕ್ಷಣೆ ದೊರೆಯದಿದ್ದರೆ ಹೆದ್ದಾರಿ ಬಿಟ್ಟುದನ್ನು ಬೇರೆಯವರು ಕೆಡವುತ್ತಿದ್ದರು.

೫

ಇನ್ನು ಗ್ರಂಥಕ್ಕೆ ಬಂದ ಆಕ್ಷೇಪಣೆಗಳು. ನಗರಚಿಂತಕರಲ್ಲಿ ಹಿರಿಯನಾದ ಲೂಯಿಸ್ ಮಮ್‌ಫರ್ಡನು ಮೊದಲು ಆಕೆಯನ್ನು ಮೆಚ್ಚಿ ಹುರಿದುಂಬಿಸಿದವನು. ಆದರೆ ಗ್ರಂಥದಲ್ಲಿ ಆಕೆ ಅವನ ಗುರುಗಳನ್ನೂ ಅವನನ್ನೂ ಕಟುವಾಗಿ ಟೀಕಿಸಿದಳು. ಅವನು ೧೯೬೨ರ ಡಿಸೆಂಬರಿನಲ್ಲಿ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಪ್ರಹಾರಮಾಡಿದನು. ಲೇಖನಕ್ಕೆ ‘ಜೇಕಬ್ಸಮ್ಮನ ಮನೆಮದ್ದು’ ಎಂಬರ್ಥದ ತಲೆಬರಹವಿದ್ದಿತು. ಆಕೆ ಬೀದಿಯ ಸುರಕ್ಷೆಯೊಂದನ್ನೇ ನಗರದ ಸರ್ವಸ್ವವೆಂದು ಎಣಿಸಿ, ಸೌಂದರ್ಯವನ್ನೂ ನೆಮ್ಮದ ನೆಲೆಯನ್ನೂ ಕಡೆಗಣಿಸಿದಳೆಂಬುದು ಅವನ ವಾದದ ಸಾರ. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಆ ತಲೆಬರಹವನ್ನು ನೋಡಿರಿ. ವಾಷಿಂಗ್ಟನ್ ಚೌಕದ ವಿಚಾರಣೆಯಲ್ಲಿ ಮೋಸೆಸನು, ತನ್ನನ್ನು ಎದುರಿಸುವವರು ಒಂದು ಗುಂಪು ತಾಯಂದಿರ ಹೊರತು ಬೇರಾರೂ ಇಲ್ಲವೆಂದು ಕೂಗಾಡಿದುದಾಗಿ ಜೇಕಬ್ಸ್ ಮುಂದೆ ಹೇಳಿರುವಳು. ಮಮ್‌ಫರ್ಡನು ಮೋಸೆಸನ ರಸ್ತೆಗಳಿಗೆ ಕಡುವಿರೋಧಿ. ಆದರೂ ಈ ಹೆಂಗಸನ್ನು ಕುರಿತು ಆಡುವಾಗ ಇಬ್ಬರ ಬಾಯಿಂದಲೂ ‘ತಾಯಿ’ ಎಂಬ ಮಾತೇ ಹಳಿಕೆಯಾಗಿ ಬಂದಿತು! ಅಂಗಡಿಗೆ ಹೋಗಿಬರುವ, ಮಗುವನ್ನು ಆಟಕ್ಕೆ ಬಿಟ್ಟು ಕಿಟಕಿಯಿಂದ ನೋಡುವ ಹೆಂಗಸಿಗೆ ಬೀದಿಯ ವಿಷಯ ತಿಳಿದಿರುವಷ್ಟು ನಕ್ಷೆ ಬರೆಯುವವನಿಗೆ ತಿಳಿಯದು. ಮನೆಮದ್ದೆಂಬ ಹಳಿಕೆಯಲ್ಲಿಯೇ ಗ್ರಂಥದ ಪ್ರಮಾಣಬಲ ಅಡಗಿದೆ.

ಎರಡನೆಯ ಆಕ್ಷೇಪಣೆ ಹರ್ಬರ್ಟ್ ಗಾನ್ಸ್ ಎಂಬ ಸಮಾಜಶಾಸ್ತ್ರಜ್ಞನದು. ಬೀದಿ ಕಟ್ಟಡಗಳ ಆಕಾರದಿಂದಲೇ ಜನಜೀವನ ಮೂಡುವುದೆಂದು ಆಕೆ ಭ್ರಮಿಸಿದಳು. ಆಕೆ ಮೆಚ್ಚಿದ ಕೇರಿಗಳಲ್ಲಿ ಬೀದಿಯ ಬಾಳು ಇದ್ದುದು ಅಲ್ಲಿ ನೆಲಸಿದ ದುಡಿಯುವ ವರ್ಗದ ವಲಸೆಗಾರರ ಸಂಸ್ಕೃತಿಯಿಂದ ಎಂದು ಅವನು ಹೇಳಿದನು. ಇದು ಮಮ್‌ಫರ್ಡನ ಮಾತಿಗಿಂತ ಹೆಚ್ಚು ತೂಕದ್ದು. ಇದಕ್ಕೆ ನಾವು ಇನ್ನೊಂದನ್ನು ಸೇರಿಸಬೇಕಾಗಿದೆ. ವರ್ಣಭೇದದ ಪ್ರಸ್ತಾಪ ಗ್ರಂಥದಲ್ಲಿ ಇಲ್ಲದಿಲ್ಲ. ಬ್ಯಾಂಕುಗಳು ಕೆಲವು ಕೇರಿಗಳಿಗೆ ಸಾಲಕೊಡದೆ ಸಾಯಿಸುವುದನ್ನು ಆಕೆ ಬಯಲಿಗೆಳೆದಿರುವಳು. ಆದರೆ ಬೀದಿಯ ಕಣ್ಣುಗಳು ಎಲ್ಲರನ್ನೂ ಒಂದೇ ಬಗೆಯಾಗಿ ನೋಡುವುದಿಲ್ಲವೆಂಬುದನ್ನು ಆಕೆ ಸಾಕಷ್ಟು ಯೋಚಿಸಿದಂತೆ ತೋರದು. ನಮ್ಮ ಜಗಲಿಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಗುವನ್ನು ಕಾದ ಆ ಕಣ್ಣುಗಳೇ, ಯಾರು ಯಾವ ಕೇರಿಯವರು, ಯಾರು ಯಾವ ಬಾವಿಯ ನೀರನ್ನು ಸೇದಬಾರದು ಎಂಬುದನ್ನೂ ಕಾದಿವೆ. ಕಾವಲಿನ ಕಣ್ಣಿಗೂ ಕಟ್ಟುಪಾಡಿನ ಕಣ್ಣಿಗೂ ಇರುವ ಅಂತರವನ್ನು ಗ್ರಂಥವು ವಿಚಾರಮಾಡಬೇಕಾಗಿದ್ದಿತು.

ಮೂರನೆಯ ದೋಷ ನಮ್ಮ ದೇಶಕ್ಕೆ ಸಂಬಂಧಪಟ್ಟುದು. ಹೋವರ್ಡನ ಅನುಯಾಯಿಗಳ ಸಾಲಿನಲ್ಲಿ ಪ್ಯಾಟ್ರಿಕ್ ಗೆಡ್ಡೀಸನನ್ನೂ ಸೇರಿಸಿ ಆಕೆ ತಳ್ಳಿಹಾಕಿರುವಳು. ಗೆಡ್ಡೀಸನು ೧೯೧೪ರಲ್ಲಿ ಭಾರತಕ್ಕೆ ಬಂದು, ಮದರಾಸು ಪ್ರಾಂತದ ಊರುಗಳನ್ನೂ ಇಂದೂರು ಮೊದಲಾದ ನಗರಗಳನ್ನೂ ಕಾಲ್ನಡಿಗೆಯಲ್ಲಿ ಸುತ್ತಿ ವರದಿಗಳನ್ನು ಬರೆದನು. ಹಳೆಯ ಕೇರಿಗಳ ನಡುವೆ ನೇರವಾದ ಅಗಲ ರಸ್ತೆಗಳನ್ನು ಕೊಯ್ಯುವ ಇಂಜಿನಿಯರುಗಳನ್ನು ಅವನು ತೀವ್ರವಾಗಿ ಖಂಡಿಸಿದನು. ತೀರ ಹಾಳಾದ ಕೆಲವು ಮನೆಗಳನ್ನು ಮಾತ್ರ ತೆಗೆದು, ಅಲ್ಲಿ ಗಾಳಿ ಬೆಳಕಿಗೆ ಎಡೆಮಾಡಿ, ಮಿಕ್ಕವನ್ನು ಉಳಿಸಿಕೊಳ್ಳುವ ಮಿತವಾದ ಶಸ್ತ್ರಚಿಕಿತ್ಸೆಯೇ ಸಾಕೆಂದೂ, ಅದಕ್ಕೆ ಖರ್ಚೂ ಕಡಮೆಯೆಂದೂ ತೋರಿಸಿದನು. ಈ ವರದಿಗಳ ಆಯ್ದ ಭಾಗಗಳು ೧೯೪೭ರಲ್ಲಿಯೇ ಲಂಡನ್ನಿನಲ್ಲಿ ಪುಸ್ತಕವಾಗಿ ಬಂದಿದ್ದುವು. ಆಕೆಯ ಮಾತನ್ನು ಆಕೆಗಿಂತ ಸುಮಾರು ನಾಲ್ವತ್ತೈದು ವರ್ಷ ಮೊದಲೇ ನಮ್ಮ ಓಣಿಗಳಲ್ಲಿ ನಿಂತು ಆಡಿದವನನ್ನು ಶತ್ರುಗಳ ಪಟ್ಟಿಯಲ್ಲಿ ಬರೆದುದು ದೊಡ್ಡ ಅನ್ಯಾಯ. ಕಂಡುದರಲ್ಲಿ ಅಷ್ಟು ಎಚ್ಚರವಾಗಿದ್ದವಳು ಓದಿದುದರಲ್ಲಿ ಅಷ್ಟೇ ಎಚ್ಚರವಾಗಿರಲಿಲ್ಲವೆಂದು ಒಪ್ಪಬೇಕು.

ಕಡೆಯದು ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ. ೭,೦೦೦ ಡಾಲರಿಗೆ ಕೊಂಡಿದ್ದ ಹಡ್ಸನ್ ಬೀದಿಯ ಆ ಮನೆ ೨೦೦೯ರಲ್ಲಿ ೩೦ ಲಕ್ಷ ಡಾಲರಿಗೂ ಮಿಕ್ಕ ಬೆಲೆಗೆ ಮಾರಾಟವಾಯಿತು. ಇಟ್ಟಿಗೆಗಳು ಉಳಿದುವು, ಆಕೆ ವರ್ಣಿಸಿದ ಬೀಗದವನೂ ಹಣ್ಣಿನವನೂ ಅಂತಹ ಬೀದಿಯಲ್ಲಿ ಮನೆಮಾಡುವುದು ಸಾಧ್ಯವೇ? ಹಾಗಾದರೆ ಉಳಿದುದೇನು, ಯಾರಿಗಾಗಿ? ಚೆನ್ನಾದ ಕೇರಿ ತನ್ನ ಚೆಲುವಿನಿಂದಲೇ ಹಣವಂತರನ್ನು ಸೆಳೆದು, ತನ್ನನ್ನು ಚೆಲುವಾಗಿಸಿದವರನ್ನೇ ಹೊರದೂಡುವುದೆಂದು ಆಕೆ ಗ್ರಂಥದ ಒಂದು ಅಧ್ಯಾಯದಲ್ಲಿ ಮುಂದಾಗಿಯೇ ಎಚ್ಚರಿಸಿದ್ದಳು. ಆದುದರಿಂದ ಕಾಣಲಿಲ್ಲವೆಂದು ದೂರುವುದು ತಪ್ಪು. ಆದರೆ ಈ ರೋಗಕ್ಕೆ ಆಕೆ ಸೂಚಿಸಿದ ಚಿಕಿತ್ಸೆಗಳು ರೋಗದ ಮುಂದೆ ಬಲಹೀನವಾದುವು. ಕೆಡವುವವನ ಯಂತ್ರವನ್ನು ತಡೆಯಲು ನೆರೆಯವರೆಲ್ಲ ಒಟ್ಟುಗೂಡಬಹುದು. ಏರುವ ಬಾಡಿಗೆ ಒಬ್ಬೊಬ್ಬರನ್ನೇ ಸದ್ದಿಲ್ಲದೆ ಎತ್ತಿಕೊಂಡುಹೋಗುವುದು. ಅದಕ್ಕೆ ಇದಿರಾಗಿ ಕಪ್ಪು ಕನ್ನಡಕ ತೊಟ್ಟು ಯಾವ ಸಭೆಗೆ ಹೋಗುವುದು?

೬

ಇಷ್ಟು ದೋಷಗಳನ್ನು ಎಣಿಸಿದ ಮೇಲೆಯೂ ಈ ಗ್ರಂಥದ ಸ್ಥಾನ ಅಲುಗುವುದಿಲ್ಲ. ಹೆದ್ದಾರಿಗಳು ಇಂದಲ್ಲದಿದ್ದರೆ ನಾಳೆ ಬೇರೆ ಹೆಸರಿನಿಂದ ಬರುವುವು. ಗೆದ್ದ ಹೋರಾಟಗಳು ಮರೆಯಾಗುವುವು. ಉಳಿಯುವುದು ನೋಡುವ ಬಗೆ. ಪದವಿಯಿಲ್ಲದ, ಅಧಿಕಾರವಿಲ್ಲದ ಒಬ್ಬ ಹೆಂಗಸು, ತಜ್ಞರೆಲ್ಲ ಒಂದೇ ಮಾತಾಡುತ್ತಿದ್ದ ಕಾಲದಲ್ಲಿ, ತನ್ನ ಕಣ್ಣು ಕಂಡುದನ್ನು ನಂಬಿ ನಿಂತಳು. ತಾನು ಮೊದಲು ನಂಬಿದ್ದುದು ತಪ್ಪೆಂದು ತಿಳಿದಾಗ ಅದನ್ನು ಬಹಿರಂಗವಾಗಿ ಬಿಟ್ಟುಕೊಟ್ಟಳು. ವಿಮರ್ಶಕನಿಗೂ ಪತ್ರಕರ್ತನಿಗೂ ಇದಕ್ಕಿಂತ ಹಿರಿದಾದ ಗುಣ ಯಾವುದಿದೆ?

ಆಕೆಯ ನಾಲ್ಕು ನಿಯಮಗಳನ್ನು ಹಾಗೆಯೇ ತಂದು ನಮ್ಮ ಊರುಗಳಿಗೆ ಅಂಟಿಸಿದರೆ ಆಕೆಗೇ ಅಪಚಾರ ಮಾಡಿದಂತೆ. ಎಲ್ಲಿಂದಲೋ ತಂದ ಚಿತ್ರವನ್ನು ಊರಿನ ಮೇಲೆ ಹೇರಬಾರದೆಂಬುದೇ ಆಕೆಯ ಬೋಧೆಯಷ್ಟೆ. ಅನುಕರಿಸತಕ್ಕುದು ಆಕೆಯ ಅಭ್ಯಾಸವನ್ನು. ನಮ್ಮ ಪೇಟೆಬೀದಿಯನ್ನು ಅಗಲಮಾಡಬೇಕೆಂಬ ಮಾತು ಬಂದಾಗ, ಬೇಕೆನ್ನುವವರೂ ಬೇಡವೆನ್ನುವವರೂ ಮೊದಲು ಆ ಬೀದಿಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಒಂದು ದಿನ ಕುಳಿತು, ಯಾರು ಬರುವರು, ಯಾರು ಯಾರನ್ನು ನೆಚ್ಚಿ ಬದುಕುವರು, ಯಾರನ್ನು ಆ ಬೀದಿ ಹತ್ತಿರ ಸೇರಿಸುವುದಿಲ್ಲ ಎಂಬುದನ್ನು ಬರೆದುಕೊಳ್ಳಲಿ. ಆ ಮೇಲೆ ವಾದಮಾಡಲಿ. ಆಗ ವಾದದ ಗದ್ದಲ ಕಡಮೆಯಾಗಿ ವಿವೇಕ ಹೆಚ್ಚುವುದೆಂದು ನಮ್ಮ ನಂಬಿಕೆ. ಈ ಗ್ರಂಥದ ವಿಚಾರಗಳು ಕನ್ನಡದಲ್ಲಿ ಇನ್ನೂ ಹೆಚ್ಚಾಗಿ ಚರ್ಚೆಗೆ ಬರಲೆಂದು ಹಾರೈಸುವೆವು.